ಕುತ್ತಿಗೆಯ ಚೆಂದ ಬಿಡಿ, ಹಿಂಗಾಲು ನೋಡಿ

ಬೇಸಿಗೆ ರಜೆ ಬಂತೆಂದರೆ ಬೆಂಗಳೂರಿನ ಅಮ್ಮಂದಿರಲ್ಲಿ ಕೆಲವರು ಮಕ್ಕಳನ್ನು ಕುದುರೆ ಸವಾರಿ ಕ್ಲಾಸಿಗೂ ಸೇರಿಸ್ತಾರೆ. ಮಗಳು ಜೀನಿನ ಮೇಲೆ, ಅಮ್ಮ ಬೇಲಿ ಪಕ್ಕದ ಬೆಂಚಿನ ಮೇಲೆ. ಕುದುರೆ ಕುತ್ತಿಗೆ ಬಿಲ್ಲಿನಂತೆ ಬಾಗಿಸಿ, ಮೂತಿ ಎದೆಗೆ ತಂದುಕೊಂಡು ಬಂದರೆ 'ಎಷ್ಟು ಚೆಂದ!' ಅಂತ ಫೋಟೊ ತೆಗೀತೀವಿ. ನಾನೂ ತೆಗೆದಿದ್ದೆ. ಮಗಳು ಲಗಾಮು ಜಗ್ಗುತ್ತಿದ್ದಳು, ಪಾಪ ಆ ಕುದುರೆ ಬಾಯಿನೋವಿಗೆ ತಲೆ ಒಳಗೆಳೆದುಕೊಂಡಿತ್ತು ಅಂತ ಆಮೇಲೆ ಗೊತ್ತಾಯ್ತು.

ನೋಡಬೇಕಾದ್ದು ಹಿಂದೆ. ಸವಾರಿಯವರು ಇದಕ್ಕೆ 'ಎಂಗೇಜ್‌ಮೆಂಟ್' ಅಂತಾರೆ. ನಿಶ್ಚಿತಾರ್ಥ ಅಲ್ಲ ಮಾರಾಯ್ರೇ! ಕುದುರೆ ಹಿಂಗಾಲನ್ನು ಹೊಟ್ಟೆಯಡಿಗೆ ತಂದು, ಕೀಲು ಮಡಚಿ, ಭಾರ ಹೊರುವುದು. ಸುಮ್ಮನೆ ನಿಂತ ಕುದುರೆಯ ತೂಕದಲ್ಲಿ ಶೇಕಡಾ 60ರ ಆಸುಪಾಸು ಮುಂಗಾಲಿನ ಮೇಲೇ ಇರುತ್ತೆ. ಅದರ ಮೇಲೆ ಸವಾರರ ಭಾರ ಬೇರೆ. ತುಂಬಿದ ಬಿಂದಿಗೆಯನ್ನು ನಾವು ಮಂಡಿ ಮಡಚಿ ಎತ್ತಿದರೆ ಸೊಂಟ ಉಳಿಯುತ್ತಲ್ಲ, ಹಾಗೇ ಇದೂ.

ಕುದುರೆ ಪಕ್ಕದಿಂದ ಕಾಣುವಂತೆ ಕೂತುಕೊಳ್ಳಿ. ಕೈ ಅಡ್ಡ ಹಿಡಿದು ಅದರ ತಲೆ, ಕುತ್ತಿಗೆ ಮರೆಮಾಡಿ. ಈಗ ಹಿಂಗಾಲು ಮಾತ್ರ ನೋಡಿ. ಗೊರಸು ನೆಲ ಬಿಟ್ಟ ಕೂಡಲೇ ಚುರುಕಾಗಿ ಹೊಟ್ಟೆಯಡಿಗೆ ಬರುತ್ತಾ? ಅಥವಾ ಬಾಲದ ಹಿಂದೆಯೇ ಉಳಿದು, ಎಳೆದುಕೊಂಡು ಬರುತ್ತಾ? ನಡುವಿನ ಕೀಲು ಮಡಚಿ ಮೇಲೇಳುತ್ತಾ, ಕೋಲಿನಂತೆ ಸೆಟೆದಿರುತ್ತಾ? ಬೆನ್ನು ಸಡಿಲವಾಗಿದ್ದರೆ ಬಾಲವೂ ಹಗುರವಾಗಿ ತೂಗಾಡುತ್ತೆ.

ನಡಿಗೆಯಲ್ಲಿ ಹಿಂಗಾಲ ಗೊರಸು ಮುಂಗಾಲ ಗುರುತಿನ ಮೇಲೆ ಅಥವಾ ಅದಕ್ಕೂ ಮುಂದೆ ಬಿದ್ದರೆ ಒಳ್ಳೆಯದೇ. ಆದರೆ ಅಷ್ಟಕ್ಕೇ ಸರ್ಟಿಫಿಕೇಟ್ ಕೊಡಬೇಡಿ. ಉದ್ದ ಕಾಲಿನ ಕುದುರೆ ಭಾರ ಹೊರದೆಯೂ ಹಾಗೆ ಹೆಜ್ಜೆ ಹಾಕುತ್ತೆ.

ನನಗೆ ನಂಬಿಕೆಯ ಪರೀಕ್ಷೆ ಅಂದ್ರೆ ಕುದುರೆ ನಿಲ್ಲುವ ಕ್ಷಣ. ಭಾರ ಹಿಂದೆ ಹೊತ್ತ ಕುದುರೆ ಸ್ವಲ್ಪ ಕುಳಿತಂತೆ ಮಾಡಿ ಮೆತ್ತಗೆ ನಿಲ್ಲುತ್ತೆ. ಇಲ್ಲದಿದ್ದರೆ ಬ್ರೇಕ್ ಹಾಕಿದ ಸಿಟಿ ಬಸ್ಸಿನ ಹಾಗೆ ಮುಂದಕ್ಕೆ ಮುಗ್ಗರಿಸುತ್ತೆ, ಮಗುವೂ ಜೊತೆಗೇ. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ನಮ್ಮ ಸುದೀಪ್ತಿ ಹಜೇಲಾ, ದಿವ್ಯಕೃತಿ ಸಿಂಗ್ ಇದ್ದ ಡ್ರೆಸಾಜ್ ತಂಡ ಚಿನ್ನ ಗೆದ್ದಿತಲ್ಲ, ಆ ವಿಡಿಯೊ ಸಿಕ್ಕರೆ ಕುದುರೆಗಳ ಹಿಂಗಾಲನ್ನೇ ಗಮನಿಸಿ, ಕಣ್ಣು ಪಳಗುತ್ತೆ.

ಚೆನ್ನಾಗಿದ್ದ ಕುದುರೆ ಇದ್ದಕ್ಕಿದ್ದಂತೆ ಒಂದೇ ಹಿಂಗಾಲನ್ನು ಗಿಡ್ಡ ಗಿಡ್ಡವಾಗಿ ಇಡತೊಡಗಿದರೆ ಸೋಮಾರಿತನ ಅಂತ ಚಾಟಿ ಎತ್ತಲು ಬಿಡಬೇಡಿ. ಮಗಳನ್ನು ಇಳಿಸಿ. ಜೀನು ಒತ್ತುತ್ತಿದೆಯೋ, ಕಾಲು ನೋಯುತ್ತಿದೆಯೋ ಪಶುವೈದ್ಯರು ನೋಡಲಿ.