ವಾಸ್ಕೋ ಎಂಬ ಊರು, ವಾಸ್ಕೋ ಎಂಬ ವೇಷ

ರೋಣ, ನರಗುಂದ, ಗಜೇಂದ್ರಗಡಗಳ ದುಡಿಯುವ ಜನರಿಗೆ ವಾಸ್ಕೋ ಎಂದರೆ ಒಬ್ಬ ಮನುಷ್ಯನಲ್ಲ, ಒಂದು ಊರು. ಮಳೆ ಕೈಕೊಟ್ಟ ವರ್ಷ ಗಂಟುಮೂಟೆ ಕಟ್ಟಿಕೊಂಡು ಗದಗದಲ್ಲೋ ಹುಬ್ಬಳ್ಳಿಯಲ್ಲೋ ರೈಲು ಹತ್ತಿದವರು ಇಳಿಯುವ ಗೋವೆಯ ಕೊನೆಯ ನಿಲ್ದಾಣ ಅದು. 1498ರಲ್ಲಿ ಕಲ್ಲಿಕೋಟೆಗೆ ಬಂದ ಪೋರ್ಚುಗೀಸ್ ನಾವಿಕನ ಹೆಸರೇ ಆ ಊರಿನದೆಂಬುದು ಟಿಕೆಟು ಕೊಳ್ಳುವಾಗ ಯಾರಿಗೆ ನೆನಪಾದೀತು?

ಆ ನಾವಿಕನ ವೇಷವನ್ನು ತಾವೇ ತೊಟ್ಟು ಕ್ಯಾಮರಾದ ಮುಂದೆ ನಿಂತ ಕಲಾವಿದೆ ಬೆಂಗಳೂರಿನ ಪುಷ್ಪಮಾಲಾ ಎನ್. 1956ರಲ್ಲಿ ಜನಿಸಿದ ಅವರು ಬರೋಡಾದಲ್ಲಿ ಶಿಲ್ಪಕಲೆಯನ್ನು ಅಭ್ಯಸಿಸಿ, ಮುಂದೆ ಛಾಯಾಚಿತ್ರ, ಚಲನಚಿತ್ರ, ಅಭಿನಯಗಳತ್ತ ಹೊರಳಿದರು. ವಾಸ್ಕೋ ಡ ಗಾಮನು ಸಾಮೂದಿರಿಯ ಆಸ್ಥಾನದಲ್ಲಿ ಎದೆಯೆತ್ತಿ ನಿಂತ ದೃಶ್ಯವನ್ನು ಪೋರ್ಚುಗೀಸ್ ಚಿತ್ರಕಾರ ವೆಲೋಸೊ ಸಾಲ್ಗಾದೊ 1898ರಲ್ಲಿ, ಅಂದರೆ ನಾಲ್ಕು ಶತಮಾನಗಳ ತರುವಾಯ, ಕಲ್ಪಿಸಿ ಬರೆದನು. ಅದನ್ನೇ ಪುಷ್ಪಮಾಲಾ ಬಣ್ಣದ ಪರದೆ, ನಾಟಕದ ಉಡುಪುಗಳೊಡನೆ ಪುನಃ ಕಟ್ಟಿ 2014ರ ಕೊಚ್ಚಿ ಬಿಯೆನಾಲೆಯಲ್ಲಿ ಪ್ರದರ್ಶಿಸಿದರು. (ಗಾಮನು ತಂದ ಟೋಪಿ, ಬೋಗುಣಿ, ಜೇನು, ಸಕ್ಕರೆಗಳ ಕಾಣಿಕೆಯನ್ನು ಕಂಡು ಸಾಮೂದಿರಿಯ ಅಧಿಕಾರಿಗಳು ನಕ್ಕರೆಂಬುದು ಆ ಯಾತ್ರೆಯ ದಿನಚರಿಯಲ್ಲಿಯೇ ಇದೆ, ಚಿತ್ರಕಾರನಿಗೆ ಆ ನಗು ಬೇಡವಾಯಿತು.)

ಇದಕ್ಕೂ ಮುನ್ನ, 2000ರಿಂದ 2004ರವರೆಗೆ, ಛಾಯಾಗ್ರಾಹಕಿ ಕ್ಲೇರ್ ಆರ್ನಿಯವರೊಡನೆ ದಕ್ಷಿಣ ಭಾರತದ ದೇಶೀಯ ಸ್ತ್ರೀಯರನ್ನು ಕುರಿತು ಅವರು ರಚಿಸಿದ ಚಿತ್ರಮಾಲೆಯೇ ನನ್ನ ಮಟ್ಟಿಗೆ ಹೆಚ್ಚು ತೂಕದ್ದು. ಅದರಲ್ಲಿ ಚೌಕುಳಿ ಪರದೆಯ ಮುಂದೆ ಅಳತೆಗಾಗಿ ನಿಲ್ಲಿಸಲಾದ ತೋಡ ಮಹಿಳೆಯಾಗಿ ಅವರಿದ್ದಾರೆ. ಪೊಲೀಸರ ಚಿತ್ರದ ಸರಗಳ್ಳಿಯಾಗಿಯೂ ಇದ್ದಾರೆ. ನಮ್ಮ ಸೀಮೆಗೆ ಈ ಅಳತೆಗೋಲು ಹೊಸದಲ್ಲ. 1884ರ ಧಾರವಾಡ ಗ್ಯಾಝೆಟಿಯರು ಇಲ್ಲಿಯ ಜಾತಿಗಳನ್ನು ಒಂದೊಂದಾಗಿ ಸಾಲು ನಿಲ್ಲಿಸಿ, ಮೈಬಣ್ಣ, ಉಡುಗೆ, ಗುಣಾವಗುಣಗಳನ್ನು ದನದ ಸಂತೆಯ ಧಾಟಿಯಲ್ಲಿ ದಾಖಲಿಸಿದೆ. ನಿಂತವರ ಮಾತನ್ನು ಯಾರೂ ಕೇಳಲಿಲ್ಲ. ಪುಷ್ಪಮಾಲಾ ಮಾಡಿದ್ದಿಷ್ಟೇ: ನಿಲ್ಲುವವಳೂ ತಾನೇ, ನಿಲ್ಲಿಸುವವಳೂ ತಾನೇ ಆದರು.

ಅದೇ ಮಾಲೆಯಲ್ಲಿ ವೇಳಾಂಗಣಿ ಮಾತೆಯ ರೂಪದಲ್ಲಿಯೂ ಅವರು ನಿಂತಿದ್ದಾರೆ. ಕೆಲವು ವಾಚಕರಿಗೆ ಇದು ಮುಜುಗರವೆನಿಸಬಹುದು. ನನಗೆ ಹಾಗೆನಿಸಲಿಲ್ಲ. ಬಿರುಗಾಳಿಯಿಂದ ಪಾರಾದ ಪೋರ್ಚುಗೀಸ್ ನಾವಿಕರು ಹರಕೆ ತೀರಿಸಲು ಕಟ್ಟಿದರೆಂದು ಪರಂಪರೆ ಹೇಳುವ ಗುಡಿಯಲ್ಲಿ, ಮಾತೆಯು ಜರಿ ಸೀರೆಯುಟ್ಟು ಈ ನೆಲದವಳೇ ಆಗಿದ್ದಾಳೆ. ಹಡಗಿನಲ್ಲಿ ಬಂದದ್ದೆಲ್ಲವೂ ಪರದೇಶಿಯಾಗಿ ಉಳಿಯಲಿಲ್ಲ.

ಆದರೆ ನಮ್ಮವರು ಗೋವೆಯಲ್ಲಿ ಎಷ್ಟು ದಶಕ ದುಡಿದರೂ ‘ಘಾಟಿ’ಗಳೆಂದೇ ಕರೆಸಿಕೊಳ್ಳುತ್ತಾರೆ. 2017ರ ಸೆಪ್ಟೆಂಬರಿನಲ್ಲಿ ವಾಸ್ಕೋದ ಬೈನಾ ಕಡಲತೀರದಲ್ಲಿ ಕನ್ನಡಿಗರ ಮನೆಗಳನ್ನು ಯಂತ್ರಗಳು ಕೆಡವಿದವು. ಮರುದಿನದ ಪತ್ರಿಕೆಗಳಲ್ಲಿ ಪಾತ್ರೆಪಗಡಗಳ ನಡುವೆ ಕುಳಿತ ಹೆಂಗಸರ ಚಿತ್ರಗಳು ಬಂದವು; ಅವುಗಳಡಿಯಲ್ಲಿ ಅವರ ಹೆಸರುಗಳನ್ನು ಹುಡುಕಿ ನೋಡಬೇಕೆನಿಸುತ್ತದೆ.