ವೈ-ಫೈ ಪೆಟ್ಟಿಗೆಯ ದೋಷಗಳೂ ಪರಿಹಾರಗಳೂ

ಮನೆಯಲ್ಲಿಯೂ ಶಾಲೆಯಲ್ಲಿಯೂ ಗೋಡೆಗೆ ಜೋಡಿಸಿರುವ ಚಿಕ್ಕ ಪೆಟ್ಟಿಗೆಯೊಂದರಿಂದ ನಮ್ಮ ಮೊಬೈಲುಗಳಿಗೆ ಅಂತರಜಾಲವು ದೊರೆಯುತ್ತದೆ. ಇದಕ್ಕೆ ಆಕ್ಸೆಸ್ ಪಾಯಿಂಟ್ ಎಂದು ಹೆಸರು. ರೇಡಿಯೋ ಅಲೆಗಳ ಮೂಲಕ ಬಂದ ಸಂದೇಶವನ್ನು ತಂತಿಯ ಜಾಲಕ್ಕೆ ದಾಟಿಸುವುದು ಇದರ ಕಾರ್ಯ. ಈ ಕಾರ್ಯವನ್ನು ಹೇಗೆ ನಡೆಸಬೇಕೆಂದು ತಿಳಿಸುವ, ಪೆಟ್ಟಿಗೆಯೊಳಗೇ ಬರೆದಿಟ್ಟ ಆದೇಶಗಳ ಸಮೂಹವೇ ಫರ್ಮ್‌ವೇರ್.

ಮನುಷ್ಯನು ಬರೆದುದರಲ್ಲಿ ತಪ್ಪು ಉಳಿಯುವುದು ಸಹಜ. ಆದುದರಿಂದ ತಯಾರಕರು ಆಗಾಗ ತಿದ್ದಿದ ಫರ್ಮ್‌ವೇರನ್ನು ಹೊರಡಿಸುತ್ತಾರೆ. ಅದರೊಡನೆ ಬರುವ ಟಿಪ್ಪಣಿಯಲ್ಲಿ ಸಾಮಾನ್ಯವಾಗಿ ಎರಡು ಪಟ್ಟಿಗಳುಂಟು: ಪರಿಹಾರವಾದ ದೋಷಗಳದೊಂದು, ಗೊತ್ತಿದ್ದೂ ಇನ್ನೂ ಪರಿಹಾರವಾಗದ ದೋಷಗಳದೊಂದು. ಇವನ್ನು ಓದುವವರು ವಿರಳ. ಆದರೆ ಅಲ್ಲಿನ ಒಂದೇ ಸಾಲು ಎಷ್ಟು ಮಹತ್ವದ್ದಾಗಬಹುದೆಂಬುದಕ್ಕೆ ನಿದರ್ಶನವೊಂದನ್ನು ನೋಡೋಣ.

2017ನೆಯ ಅಕ್ಟೋಬರ್ 16ರಂದು ಬೆಲ್ಜಿಯಂ ದೇಶದ ಸಂಶೋಧಕ ಮ್ಯಾಥಿ ವಾನ್‌ಹೂಫ್ ಅವರು 'ಕ್ರ್ಯಾಕ್' ಎಂಬ ದೋಷವನ್ನು ಬಹಿರಂಗಪಡಿಸಿದರು. ಅಂದು ಜಗತ್ತಿನ ವೈ-ಫೈ ಜಾಲಗಳಲ್ಲಿ ಹೆಚ್ಚಿನವು ಡಬ್ಲ್ಯು.ಪಿ.ಎ.2 ಎಂಬ ರಕ್ಷಣಾ ಕ್ರಮವನ್ನು ಅವಲಂಬಿಸಿದ್ದವು. ಅದರಲ್ಲಿ ಪೆಟ್ಟಿಗೆಯೂ ಮೊಬೈಲೂ ನಾಲ್ಕು ಸಂದೇಶಗಳನ್ನು ವಿನಿಮಯ ಮಾಡಿಕೊಂಡು ಗುಪ್ತವಾದ ಕೀಲಿಯೊಂದನ್ನು ಗೊತ್ತುಮಾಡಿಕೊಳ್ಳುತ್ತವೆ. ಮೂರನೆಯ ಸಂದೇಶ ಬಂದೊಡನೆ ಮೊಬೈಲು ನಾಲ್ಕನೆಯದರಿಂದ ಉತ್ತರ ಕೊಟ್ಟು, ಕೀಲಿಯನ್ನು ಅಳವಡಿಸಿಕೊಳ್ಳುತ್ತದೆ. ಸಮೀಪದಲ್ಲಿರುವ ಕಳ್ಳನೊಬ್ಬನು ಆ ಉತ್ತರವನ್ನು ತಡೆದರೆ, ಪೆಟ್ಟಿಗೆಯು ಮೂರನೆಯ ಸಂದೇಶವನ್ನು ಪುನಃ ಕಳುಹಿಸುತ್ತದೆ. ಮೊಬೈಲು ಅದೇ ಕೀಲಿಯನ್ನು ಮತ್ತೆ ಅಳವಡಿಸಿಕೊಳ್ಳುತ್ತದೆ. ಸಂದೇಶಗಳ ಎಣಿಕೆಯೂ ಮೊದಲಿನಿಂದ ಆರಂಭವಾಗುತ್ತದೆ. ಒಂದೇ ಕೀಲಿಯೊಡನೆ ಒಂದೇ ಸಂಖ್ಯೆ ಎರಡು ಸಲ ಬಳಕೆಯಾದರೆ ಗುಟ್ಟು ರಟ್ಟಾಗಲು ದಾರಿಯಾಯಿತು.

ಈ ವಿಧಾನವು ಭದ್ರವೆಂದು ಅದಕ್ಕೆ ಹಿಂದೆಯೇ ಗಣಿತದ ಮೂಲಕ ಸಾಧಿಸಲಾಗಿತ್ತು. ಆ ಸಾಧನೆ ಸುಳ್ಳಾಗಲಿಲ್ಲ. ಕೀಲಿಯನ್ನು ಎಷ್ಟು ಸಲ ಅಳವಡಿಸಬಹುದೆಂಬ ಪ್ರಶ್ನೆಯು ಅದರ ವ್ಯಾಪ್ತಿಯಲ್ಲಿ ಇರಲಿಲ್ಲ, ಅಷ್ಟೆ.

ಪಾಸ್‌ವರ್ಡ್ ಬದಲಾಯಿಸುವುದರಿಂದ ಈ ದೋಷಕ್ಕೆ ಪರಿಹಾರವಿರಲಿಲ್ಲ. ಅಳವಡಿಸಿದ ಕೀಲಿಯನ್ನು ಪುನಃ ಅಳವಡಿಸಕೂಡದೆಂಬ ತಿದ್ದುಪಡಿಯೇ ಮದ್ದು. ಇದು ಮುಖ್ಯವಾಗಿ ಮೊಬೈಲು ಮತ್ತು ಕಂಪ್ಯೂಟರುಗಳಿಗೆ ಬೇಕಾಗಿತ್ತು. ಕೆಲವು ಬಗೆಯ ಆಕ್ಸೆಸ್ ಪಾಯಿಂಟುಗಳಿಗೂ ಬೇಕಾಯಿತು. ಮುಂಬಯಿಯಂತಹ ನಗರದಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳಲ್ಲಿ ವಾಸಿಸುವ ನಾವು ಇದನ್ನು ಮರೆಯಲಾಗದು. ರೇಡಿಯೋ ಅಲೆಗಳು ನಮ್ಮ ಗೋಡೆಯ ಬಳಿಗೇ ನಿಲ್ಲುವುದಿಲ್ಲ.

ತಿದ್ದುಪಡಿಯ ಕೆಲಸದಲ್ಲಿಯೂ ಅಪಾಯಗಳುಂಟು. ಹೊಸ ಆದೇಶಗಳನ್ನು ಬರೆಯುತ್ತಿರುವಾಗ ವಿದ್ಯುತ್ತು ನಿಂತರೆ ಪೆಟ್ಟಿಗೆಯು ಮತ್ತೆ ಏಳದಿರಬಹುದು. ಇದಕ್ಕಾಗಿ ಕೆಲವು ಯಂತ್ರಗಳಲ್ಲಿ ಫರ್ಮ್‌ವೇರಿನ ಎರಡು ಪ್ರತಿಗಳಿಗೆ ಸ್ಥಳವಿರುತ್ತದೆ. ಹೊಸದು ಕೆಟ್ಟರೆ ಹಳೆಯದು ಕೆಲಸಕ್ಕೆ ನಿಲ್ಲುತ್ತದೆ. ಬೇರೆ ಮಾದರಿಯ ಕಡತವನ್ನು ತುಂಬಿದರೂ ಹಾನಿ ಉಂಟಾದೀತು. ಆದುದರಿಂದ ಮೊದಲು ಟಿಪ್ಪಣಿಯನ್ನು ಓದಬೇಕು. ಯಂತ್ರದ ಮಾದರಿಯನ್ನು ಸರಿನೋಡಬೇಕು. ಈಗಿನ ವ್ಯವಸ್ಥೆಯ ನಕಲನ್ನು ತೆಗೆದಿಡಬೇಕು. ಕೆಲಸ ಮುಗಿಯುವವರೆಗೆ ವಿದ್ಯುತ್ತನ್ನು ತೆಗೆಯಬಾರದು. ಹಲವು ಪೆಟ್ಟಿಗೆಗಳಿರುವ ಶಾಲೆಯಲ್ಲಿ ಮೊದಲು ಒಂದನ್ನು ಮಾತ್ರ ತಿದ್ದಿ ಪರೀಕ್ಷಿಸುವುದು ಲೇಸು.

ತಯಾರಕರು ತಿದ್ದುಪಡಿಗಳನ್ನು ನಿಲ್ಲಿಸಿಬಿಟ್ಟ ಹಳೆಯ ಪೆಟ್ಟಿಗೆಯು ಎಷ್ಟೇ ಚೆನ್ನಾಗಿ ನಡೆಯುವಂತೆ ಕಂಡರೂ, ಮುಂದೆ ಬಯಲಾಗುವ ದೋಷಕ್ಕೆ ಅದರಲ್ಲಿ ಪರಿಹಾರವಿರದು. ಅದನ್ನು ಬದಲಿಸುವುದೇ ವಿವೇಕ.

ವಿದ್ಯಾರ್ಥಿಗಳೇ, ತನ್ನ ದೋಷಗಳನ್ನು ಪಟ್ಟಿಮಾಡಿ ಹೇಳುವ ಟಿಪ್ಪಣಿಯನ್ನು ಕಂಡು ಅಂಜಬೇಡಿರಿ. ಗೊತ್ತಾದ ದೋಷಕ್ಕೆ ಮದ್ದು ಹುಡುಕಬಹುದು. ನಿಮ್ಮ ಮನೆಯ ಪೆಟ್ಟಿಗೆಗೆ ತಿದ್ದುಪಡಿ ಬಂದಿದೆಯೇ ಎಂದು ಹಿರಿಯರೊಡನೆ ಕುಳಿತು ಇಂದೇ ನೋಡಿರಿ.