ಚಿಕ್ಕಪ್ಪನ ಅಂಗಡಿಗೆ ನಾನು ಹಾಕಿಕೊಟ್ಟ ಫೋನು

ದಾವಣಗೆರೆಯಲ್ಲಿ ನಮ್ಮ ಚಿಕ್ಕಪ್ಪನದ್ದು ಬೋರ್‌ವೆಲ್ ಮೋಟಾರ್ ರಿಪೇರಿ ಅಂಗಡಿ. ಇದ್ದಿದ್ದು ಒಂದೇ ಲ್ಯಾಂಡ್‌ಲೈನು. ಅದು ಎಂಗೇಜ್ ಬಂದರೆ ಗಿರಾಕಿ ಬೇರೆ ಅಂಗಡಿಗೆ ಹೋಗಿಬಿಡ್ತಿದ್ದರು. "ಸಾಫ್ಟ್‌ವೇರು ಅಂತೀಯ, ಒಂದು ಫೋನ್ ಸರಿ ಮಾಡೋಕಾಗಲ್ವೇನೋ?" ಅಂತ ಚಿಕ್ಕಪ್ಪ ಕೇಳಿದರು. ಎಂಟು ವರ್ಷದಿಂದ ಕೋಡ್ ಬರೆಯುವವನಿಗೆ ಅಷ್ಟು ಸಾಕಾಯ್ತು. ಒಪ್ಪಿಕೊಂಡೆ.

ಆಸ್ಟರಿಸ್ಕ್ ಅನ್ನೋ ಉಚಿತ ತಂತ್ರಾಂಶ ಆರಿಸಿಕೊಂಡೆ. 1999ರಲ್ಲಿ ಅಮೆರಿಕದ ಮಾರ್ಕ್ ಸ್ಪೆನ್ಸರ್ ತಮ್ಮ ಸಣ್ಣ ಕಂಪನಿಗೆ ಫೋನ್ ಎಕ್ಸ್‌ಚೇಂಜ್ ಕೊಳ್ಳೋಕೆ ದುಡ್ಡು ಸಾಲದೆ ತಾವೇ ಬರೆದದ್ದು ಇದು. ಮೂಲೆಯಲ್ಲಿದ್ದ ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಇದನ್ನು ಕೂರಿಸಿ, ಹೊರಗಿನ ನಂಬರನ್ನು ಟೆಲಿಕಾಂ ಕಂಪನಿಯಿಂದ ಇಂಟರ್‌ನೆಟ್ ಮೇಲೆ ತಗೊಂಡೆ.

ಮೊದಲ ಭಾನುವಾರ ನನ್ನ ಮೊಬೈಲಿಂದ ಕರೆ ಮಾಡಿದೆ. ರಿಂಗ್ ಆಯ್ತು. ಚಿಕ್ಕಪ್ಪ "ಹಲೋ, ಹಲೋ" ಅಂತಿದ್ದಾರೆ, ನನಗೆ ಚೆನ್ನಾಗಿ ಕೇಳಿಸ್ತಿದೆ. ನನ್ನ ಮಾತು ಅವರಿಗೆ ಕೇಳಿಸ್ತಾನೇ ಇಲ್ಲ. ಈ ಕೆಲಸ ಕಲಿಯೋರೆಲ್ಲ ಒಮ್ಮೆ ಬೀಳೋ ಹಳ್ಳ ಇದು. "ಕರೆ ಬಂದಿದೆ, ಎತ್ತು, ಇಡು" ಅನ್ನೋ ಸಂದೇಶ ಹೋಗೋ ದಾರಿ ಬೇರೆ, ಧ್ವನಿ ಹೋಗೋ ದಾರಿ ಬೇರೆ. ನಮ್ಮ ಕಂಪ್ಯೂಟರು "ಧ್ವನಿಯನ್ನು ಇಲ್ಲಿಗೆ ಕಳಿಸಿ" ಅಂತ ಅಂಗಡಿಯೊಳಗಿನ ಖಾಸಗಿ ವಿಳಾಸ ಕೊಡ್ತಿತ್ತು. ಆ ವಿಳಾಸಕ್ಕೆ ಹೊರಗಿನವರು ಹೇಗೆ ತಲುಪಬೇಕು? ಸಾರ್ವಜನಿಕ ವಿಳಾಸವನ್ನು ಸೆಟ್ಟಿಂಗಿನಲ್ಲಿ ಬರೆದು, ರೂಟರಿನಲ್ಲಿ 10000ರಿಂದ 20000ದ ತನಕದ ಪೋರ್ಟುಗಳನ್ನು ಈ ಕಂಪ್ಯೂಟರಿಗೆ ತಿರುಗಿಸಿದ ಮೇಲೆ ಸರಿಹೋಯ್ತು.

5060 ಪೋರ್ಟನ್ನೂ ಎಲ್ಲರಿಗೂ ತೆರೆದಿಟ್ಟಿದ್ದೆ. ಬೆಳಗಾಗೋದ್ರೊಳಗೆ ಲಾಗ್ ತುಂಬ ಅಪರಿಚಿತರು 100, 101, 1000 ಅಂತ ಎಕ್ಸ್‌ಟೆನ್ಷನ್ ಊಹಿಸುತ್ತ ಪಾಸ್‌ವರ್ಡ್ ಹಾಕಿ ನೋಡಿದ್ದರು. ಒಳಗೆ ಬಂದಿದ್ದರೆ ವಿದೇಶಕ್ಕೆ ಕರೆ ಮಾಡ್ತಿದ್ದರು, ಬಿಲ್ಲು ಚಿಕ್ಕಪ್ಪನಿಗೆ. ಟೆಲಿಕಾಂ ಕಂಪನಿಯ ವಿಳಾಸ ಬಿಟ್ಟು ಬೇರೆಲ್ಲಕ್ಕೂ ಬಾಗಿಲು ಹಾಕಿದೆ, ಐಎಸ್‌ಡಿ ತೆಗೆಸಿದೆ.

ಇಷ್ಟೆಲ್ಲ ಗೆದ್ದ ಹುಮ್ಮಸ್ಸಿನಲ್ಲಿ ವಾಯ್ಸ್‌ಮೇಲ್ ಹತ್ತೇ ನಿಮಿಷದ ಕೆಲಸ ಅನ್ನಿಸಿತ್ತು. ಹೌದು, ಒಂದೇ ಸಾಲು: ಎಕ್ಸ್‌ಟೆನ್ಷನ್, ಪಿನ್, ಹೆಸರು, ಇಮೇಲ್. ಸಂದೇಶ ಬಂದರೆ ರೆಕಾರ್ಡಿಂಗ್ ಇಮೇಲಿಗೆ ಹೋಗುತ್ತೆ. ಇಮೇಲ್ ಜಾಗದಲ್ಲಿ ನನ್ನ ಟೆಸ್ಟಿಂಗ್ ವಿಳಾಸ ಹಾಕಿದ್ದೆ. ಬದಲಾಯಿಸೋದು ಮರೆತೆ.

ಏಪ್ರಿಲ್‌ನ ಒಂದು ಮಂಗಳವಾರ ಬೇರೇನೋ ಹುಡುಕುತ್ತ ಆ ಇನ್‌ಬಾಕ್ಸ್ ತೆರೆದೆ. ಶನಿವಾರ ರಾತ್ರಿಯ ರೆಕಾರ್ಡಿಂಗ್, 19 ಸೆಕೆಂಡ್. "ಅಣ್ಣಾ, ಮೋಟ್ರು ಸುಟ್ಟೋಗೈತಿ. ಅಡಿಕೆ ಸಸಿ ಬಾಡ್ತಾ ಅದಾವೆ. ಬೆಳಿಗ್ಗೆ ಯಾರ್ನಾರ ಕಳಿಸ್ರಿ." ಚಿಕ್ಕಪ್ಪ ತಕ್ಷಣ ಫೋನ್ ಮಾಡಿದರು. ಹದಿನೈದು ವರ್ಷದ ಗಿರಾಕಿ. ಸೋಮವಾರವೇ ಬೇರೆ ಕಡೆ ಮೋಟಾರ್ ಒಯ್ದಾಗಿತ್ತು. ಅಷ್ಟರಲ್ಲಿ ಒಂದಷ್ಟು ಸಸಿ ಒಣಗಿದ್ದವು. "ನಿಮ್ಮ ಮಿಷನ್ನು 'ಹೇಳಿ' ಅಂತು, ಹೇಳಿದೆ. ನೀವು ಬರ್ಲಿಲ್ಲ" ಅಂದರಂತೆ. ಚಿಕ್ಕಪ್ಪ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಆ ರಾತ್ರಿಯೇ ಎಲ್ಲ ಬದಲಾಯಿಸಿದೆ. ಈಗ ಕರೆ ಬಂದರೆ ಅಂಗಡಿಯ ಮೂರೂ ಫೋನು ಒಟ್ಟಿಗೆ 20 ಸೆಕೆಂಡ್ ಹೊಡ್ಕೊಳ್ತವೆ. ಎತ್ತದಿದ್ದರೆ ಚಿಕ್ಕಪ್ಪನ ಮೊಬೈಲು. ಅದೂ ಆಗದಿದ್ದರೆ ಮಾತ್ರ ವಾಯ್ಸ್‌ಮೇಲ್. ಅಲ್ಲಿ ಇಂಗ್ಲಿಷ್ ಹೆಂಗಸಿನ ಬದಲು ಚಿಕ್ಕಮ್ಮನ ದನಿ, "ನಿಮ್ಮ ಹೆಸರು, ಊರು ಹೇಳ್ರಿ" ಅಂತ. ರೆಕಾರ್ಡಿಂಗ್ ಅಂಗಡಿಗೂ ಹೋಗುತ್ತೆ, ಚಿಕ್ಕಪ್ಪನ ಮಗನಿಗೂ ಹೋಗುತ್ತೆ.

ಇನ್ನೊಂದು ಮಾತು. ನಮ್ಮ ಕಡೆ ಮಿಷನ್ ದನಿ ಕೇಳಿದ ಕೂಡಲೇ ಬಹಳ ಜನ ಕಟ್ ಮಾಡ್ತಾರೆ. ಮೆಸೇಜಿಗೆ ಕಾಯ್ತಾ ಕೂತರೆ ಅವರು ಯಾರೂ ಸಿಗಲ್ಲ. ಆದರೆ ಆಸ್ಟರಿಸ್ಕ್ ಪ್ರತಿ ಕರೆಯ ಲೆಕ್ಕ ಫೈಲಿನಲ್ಲಿ ಬರೆದಿಡುತ್ತೆ. ಅದರಿಂದ ಅಂಗಡಿಯವರು ಮಾತಾಡದ ಕರೆಗಳ ನಂಬರ್ ತೆಗೆದು ದಿನಾ ಬೆಳಿಗ್ಗೆ ಎಂಟಕ್ಕೆ ಅಂಗಡಿಗೆ ಕಳಿಸೋ ಸಣ್ಣ ಸ್ಕ್ರಿಪ್ಟ್ ಬರೆದೆ. ಚಿಕ್ಕಮ್ಮ ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು ಒಬ್ಬೊಬ್ಬರಿಗೂ ವಾಪಸ್ ಫೋನ್ ಮಾಡಿ ಗೀಟು ಹಾಕ್ತಾರೆ. ಅಡಿಕೆ ತೋಟದವರ ನಂಬರ್ ಇನ್ನೂ ಬಂದಿಲ್ಲ.